ಪ್ರೌಢಶಾಲಾ ಹಂತದ ಚಿತ್ರಕಲೆ ಮತ್ತು ಕರಕುಶಲ ಶಿಕ್ಷಕರ ತರಬೇತಿ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಹಿರಿಯ ಪ್ರಾಥಮಿಕ ಶಾಲೆಗಳ 6ರಿಂದ 8ನೆಯ ತರಗತಿ ಹಾಗೂ ಪ್ರೌಢಶಾಲೆಗಳಲ್ಲಿ ಚಿತ್ರಕಲೆ, ಹೊಲಿಗೆ, ಮರಗೆಲಸ, ನೇಯ್ಗೆ, ಜೇಡಿಮಣ್ಣಿನ ಕೆಲಸ ಮುಂತಾದ ವಿಷಯಗಳನ್ನು ಬೋಧಿಸುವ ಶಿಕ್ಷಕರನ್ನು ಇಲಾಖಾ ಭಾಷೆಯಲ್ಲಿ ವಿಶೇಷ ಶಿಕ್ಷಕರೆಂದು ಕರೆಯುವುದು ರೂಢಿಯಲ್ಲಿದೆ. ಚಿತ್ರಕಲಾ ಶಿಕ್ಷಕರು, ವೃತ್ತಿ ಶಿಕ್ಷಕರು, ಹೊಲಿಗೆ ಶಿಕ್ಷಕರು ಇವರೆಲ್ಲ ಈ ಗುಂಪಿಗೆ ಸೇರುತ್ತಾರೆ. ಈ ಹುದ್ದೆಗಳಿಗೆ ಯಾವ ತರಬೇತಿ ಬೇಕು, ಅದನ್ನು ಎಲ್ಲಿ ಪಡೆಯಬಹುದು, ತರಬೇತಿಯಲ್ಲಿ ಏನನ್ನು ಕಲಿಸಲಾಗುತ್ತದೆ, ಅರ್ಜಿ ಸಲ್ಲಿಸುವ ಮೊದಲು ಏನನ್ನು ಪರಿಶೀಲಿಸಿಕೊಳ್ಳಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಗಣಿತ ಅಥವಾ ಭಾಷಾ ಶಿಕ್ಷಕರಾಗಲು ಬಯಸುವವರಿಗೆ ಪದವಿ, ಬಿ.ಎಡ್., ಅರ್ಹತಾ ಪರೀಕ್ಷೆ ಎಂಬ ನೇರವಾದ ದಾರಿ ಇದೆ. ಕಲಾ ಮತ್ತು ಕರಕುಶಲ ಶಿಕ್ಷಕರಾಗ ಬಯಸುವವರಿಗೆ ಅಂತಹ ಒಂದೇ ದಾರಿ ಇಲ್ಲ. ಹಲವು ಹೆಸರಿನ, ಹಲವು ಅವಧಿಯ ಕೋರ್ಸುಗಳು ಬೇರೆ ಬೇರೆ ಕಾಲದಲ್ಲಿ ಜಾರಿಗೆ ಬಂದಿವೆ; ಕೆಲವು ನಿಂತುಹೋಗಿವೆ. ಇದರಿಂದಾಗಿ ಎರಡು ಮೂರು ವರ್ಷ ಶುಲ್ಕ ಕಟ್ಟಿ ಓದಿದ ನಂತರ, ಆ ಪ್ರಮಾಣಪತ್ರವು ತಾವು ಬಯಸಿದ ಹುದ್ದೆಗೆ ಸಲ್ಲುವುದಿಲ್ಲವೆಂದು ತಿಳಿದುಬಂದು ಅಭ್ಯರ್ಥಿಗಳು ತೊಂದರೆಗೊಳಗಾಗುವುದುಂಟು. ವಯೋಮಿತಿ ಮೀರಿದ ಮೇಲೆ ಈ ನಷ್ಟವನ್ನು ತುಂಬಿಕೊಳ್ಳಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಪ್ರವೇಶಾತಿಗೆ ಮುನ್ನವೇ ಈ ಮಾಹಿತಿಯನ್ನು ಓದಿಕೊಳ್ಳುವುದು ಸೂಕ್ತ.

ಹಿನ್ನೆಲೆ

ಶಾಲೆಯಲ್ಲಿ ಕೈಕೆಲಸ ಕಲಿಸಲು ಪ್ರತ್ಯೇಕವಾಗಿ ಶಿಕ್ಷಕರನ್ನು ತಯಾರು ಮಾಡಬೇಕೆಂಬ ಆಲೋಚನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ನೇಸ್ ಎಂಬಲ್ಲಿ ಒಟ್ಟೊ ಸಾಲೊಮನ್ ಅವರು ಸ್ಲಾಯ್ಡ್ ಎಂಬ ಮರಗೆಲಸ ಪದ್ಧತಿಯಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಿದ್ದರು. ಕುಶಲಕರ್ಮಿಯನ್ನು ತಂದು ತರಗತಿಯಲ್ಲಿ ನಿಲ್ಲಿಸುವುದಕ್ಕಿಂತ ಶಿಕ್ಷಕನಿಗೇ ಉಳಿ ಹಿಡಿಯಲು ಕಲಿಸುವುದು ಮೇಲೆಂಬುದು ಅವರ ಪದ್ಧತಿಯ ತಳಹದಿ. ನಮ್ಮಲ್ಲಿ ಈ ಚರ್ಚೆ ಇಂದಿಗೂ ಮುಗಿದಿಲ್ಲ.

ಭಾರತದಲ್ಲಿ 1919ರಲ್ಲಿ ಶಾಂತಿನಿಕೇತನದ ಕಲಾಭವನವೂ, 1922ರಲ್ಲಿ ಗ್ರಾಮೀಣ ಕೈಕಸುಬುಗಳ ಕೇಂದ್ರವಾದ ಶ್ರೀನಿಕೇತನವೂ ಆರಂಭವಾದವು. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಮತ್ತು ಅದರ ಫಲವಾದ ಡಾ. ಜಾಕಿರ್ ಹುಸೇನ್ ಸಮಿತಿಯ ವರದಿಯು ಕೈಕಸುಬನ್ನೇ ಶಿಕ್ಷಣದ ಕೇಂದ್ರವನ್ನಾಗಿಸುವ ಮೂಲಶಿಕ್ಷಣ ಯೋಜನೆಯನ್ನು ಮುಂದಿಟ್ಟಿತು. ಇದರನ್ವಯ ದೇಶದ ಅನೇಕ ಶಾಲೆಗಳಲ್ಲಿ ತಕಲಿ, ಚರಕಗಳು ಬಂದವು. ಆದರೆ ನೂಲುವುದನ್ನು ಪಾಠದೊಂದಿಗೆ ಹೊಂದಿಸಿ ಕಲಿಸಬಲ್ಲ ಶಿಕ್ಷಕರು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗಲಿಲ್ಲ. ನೂಲುವ ಅವಧಿ ಬೇರೆ, ಪಾಠದ ಅವಧಿ ಬೇರೆ ಎಂಬಂತಾಗಿ ಯೋಜನೆ ಕ್ರಮೇಣ ಸೊರಗಿತು. ಯೋಜನೆಯ ದೋಷಕ್ಕಿಂತ ತರಬೇತಿಯ ಕೊರತೆಯೇ ಇಲ್ಲಿ ಹೆಚ್ಚಾಗಿತ್ತೆಂದು ಹೇಳಬಹುದು.

1952–53ರ ಮಾಧ್ಯಮಿಕ ಶಿಕ್ಷಣ ಆಯೋಗವು (ಮುದಲಿಯಾರ್ ಆಯೋಗ) ಪ್ರೌಢಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಕೈಕಸುಬನ್ನು ಕಲಿಯಬೇಕೆಂದು ಶಿಫಾರಸು ಮಾಡಿತು. ವಿವಿಧೋದ್ದೇಶ ಪ್ರೌಢಶಾಲೆಗಳ ಕಲ್ಪನೆಯೂ ಇದೇ ಆಯೋಗದ್ದು. ಅಂತಹ ಶಾಲೆಗಳಿಗೆ ಪ್ರಾಯೋಗಿಕ ವಿಷಯಗಳ ಶಿಕ್ಷಕರನ್ನು ಒದಗಿಸುವ ಉದ್ದೇಶದಿಂದ ಅಜ್ಮೇರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಸ್ಥಾಪನೆಯಾದವು. ಮೈಸೂರಿನ ಮಾನಸಗಂಗೋತ್ರಿಯ ಬಳಿ ಇರುವ, 1963ರಲ್ಲಿ ಆರಂಭಗೊಂಡ ಈ ಕಾಲೇಜೇ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಬಳಿಕ 1964–66ರ ಕೊಠಾರಿ ಆಯೋಗವು ಕಾರ್ಯಾನುಭವ ಎಂಬ ಹೆಸರನ್ನೂ, 1977ರ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರನ್ನೂ ನೀಡಿದವು. ಹಳೆಯ ಶಿಕ್ಷಕರ ಸೇವಾ ಪುಸ್ತಕಗಳಲ್ಲಿ ಈ ಎಲ್ಲ ಹೆಸರುಗಳೂ ಕಾಣಸಿಗುತ್ತವೆ. ಹೆಸರು ಬದಲಾದಷ್ಟು ವೇಗದಲ್ಲಿ ತರಬೇತಿ ಸೌಲಭ್ಯಗಳು ಬದಲಾಗಲಿಲ್ಲವೆಂಬುದು ಬೇರೆ ಮಾತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು (1913) ಚಿತ್ರಕಲೆ ಮತ್ತು ಕೈಗಾರಿಕಾ ಕಲೆಗಳ ಮುಖ್ಯ ಕೇಂದ್ರವಾಗಿತ್ತು. 1980ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ರೂಪುಗೊಂಡಿತು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಆರಂಭಿಸಿದ ಕಲಾಮಂದಿರ ಹಾಗೂ 1960ರಲ್ಲಿ ಸ್ಥಾಪಿತವಾದ ಚಿತ್ರಕಲಾ ಪರಿಷತ್ತು ಇದೇ ಸಾಲಿಗೆ ಸೇರುತ್ತವೆ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳ ಕಲಾ ಶಿಕ್ಷಣದ ಮೇಲೆ ಮುಂಬೈಯ ಪರೀಕ್ಷಾ ಪದ್ಧತಿಯ ಪ್ರಭಾವವಿತ್ತು. ಆರ್ಟ್ ಮಾಸ್ಟರ್, ಡ್ರಾಯಿಂಗ್ ಮಾಸ್ಟರ್ ಮುಂತಾದ ಹೆಸರುಗಳು ಹಳೆಯ ಪ್ರಮಾಣಪತ್ರಗಳಲ್ಲಿರುವುದನ್ನು ಕಾಣಬಹುದು.

ಕಾನೂನು ಮತ್ತು ನೀತಿಯಲ್ಲಿ ಸ್ಥಾನ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣಕ್ಕೂ ಪಾರಂಪರಿಕ ಕರಕುಶಲಗಳಿಗೂ ಪ್ರತ್ಯೇಕ ಆಧಾರ ಪತ್ರಗಳನ್ನು ಹೊರತಂದು, ಹತ್ತನೆಯ ತರಗತಿಯವರೆಗೆ ಕಲೆಯು ಕಡ್ಡಾಯ ವಿಷಯವಾಗಬೇಕೆಂದು ಹೇಳಿತು. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಲ್ಲಿ, 6ರಿಂದ 8ನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳು ದಾಖಲಾಗಿರುವ ಶಾಲೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರತಕ್ಕದ್ದೆಂದು ನಮೂದಿಸಲಾಗಿದೆ. ಪೋಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಈ ಅಂಶವನ್ನು ತಿಳಿದಿರುವುದು ಒಳ್ಳೆಯದು. ಇದು ಕಾಯಿದೆಯ ಭಾಗವೇ ಹೊರತು ಅನುಕೂಲವಿದ್ದಾಗ ಮಾಡುವ ಏರ್ಪಾಡಲ್ಲ. ನೂರರ ಮಿತಿಯನ್ನು ದಾಟದ ಸಣ್ಣ ಶಾಲೆಗಳ ಮಕ್ಕಳಿಗೆ ಈ ಅನುಸೂಚಿಯಿಂದ ಪ್ರಯೋಜನವಿಲ್ಲ. ಗ್ರಾಮೀಣ ಭಾಗದ ಅನೇಕ ಶಾಲೆಗಳು ಈ ವರ್ಗಕ್ಕೇ ಸೇರುತ್ತವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನಗಳ ಕಾಲ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದ ಮುಂತಾದವರ ಬಳಿ ಕಲಿಯಬೇಕೆಂಬ ಆಶಯವನ್ನು ವ್ಯಕ್ತಪಡಿಸಿದೆ. 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಕಲಾ ಶಿಕ್ಷಣ ಮತ್ತು ವೃತ್ತಿ ಶಿಕ್ಷಣಗಳು ಪಠ್ಯಕ್ಷೇತ್ರಗಳಾಗಿಯೇ ಸ್ಥಾನ ಪಡೆದಿವೆ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2019ರಲ್ಲಿ ತನ್ನ ಶಾಲೆಗಳಲ್ಲಿ ವಾರಕ್ಕೆ ಕನಿಷ್ಠ ಎರಡು ಅವಧಿಗಳನ್ನು ಕಲಾ ಶಿಕ್ಷಣಕ್ಕೆ ಮೀಸಲಿಡಲು ಸೂಚಿಸಿತು.

ಸೇವಾಪೂರ್ವ ತರಬೇತಿಯ ಮಾರ್ಗಗಳು

ಮೊದಲನೆಯದಾಗಿ, ಚಿತ್ರಕಲೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಈ ಪರೀಕ್ಷೆಗಳನ್ನು ಬಹುಕಾಲ ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ನಡೆಸುತ್ತಿತ್ತು. 2022ರಲ್ಲಿ ಆ ಮಂಡಳಿಯು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಗಿ ಪುನರ್ರಚನೆಗೊಂಡಿತು. ಇವು ಶಾಲಾ ವಿದ್ಯಾರ್ಥಿಯ ಚಿತ್ರಕೌಶಲವನ್ನು ಅಳೆಯುವ ಪರೀಕ್ಷೆಗಳು. ಇವು ಬೋಧನಾ ತರಬೇತಿಯಲ್ಲ. ಹೈಯರ್ ಗ್ರೇಡ್ ಉತ್ತೀರ್ಣರಾದ ಮಾತ್ರಕ್ಕೆ ಚಿತ್ರಕಲಾ ಶಿಕ್ಷಕರ ಹುದ್ದೆಗೆ ಅರ್ಹತೆ ಬಂದಂತಾಗುವುದಿಲ್ಲ. ಮುಂದಿನ ಕಲಾ ವ್ಯಾಸಂಗಕ್ಕೆ ಇವು ಒಳ್ಳೆಯ ಅಡಿಪಾಯ ಎಂದಷ್ಟೇ ಪರಿಗಣಿಸಬೇಕು.

ಎರಡನೆಯದಾಗಿ, ಕಲಾ ಶಾಲೆಗಳಲ್ಲಿ ಎಸ್.ಎಸ್.ಎಲ್.ಸಿ. ನಂತರದ ದೀರ್ಘಾವಧಿ ಡಿಪ್ಲೊಮಾ ಹಾಗೂ ಪಿ.ಯು.ಸಿ. ನಂತರದ ದೃಶ್ಯಕಲಾ ಪದವಿ (ಬಿ.ವಿ.ಎ.) ವ್ಯಾಸಂಗ. ವರ್ಣಚಿತ್ರ, ಶಿಲ್ಪ, ಅಚ್ಚುಕಲೆ, ಅನ್ವಯಿಕ ಕಲೆ ಮುಂತಾದ ವಿಭಾಗಗಳಲ್ಲಿ ಇವು ಆಳವಾದ ತರಬೇತಿ ನೀಡುತ್ತವೆ. ಆದರೆ ಇವುಗಳ ಮುಖ್ಯ ಗುರಿ ಕಲಾವಿದರನ್ನು ತಯಾರು ಮಾಡುವುದು. ಐವತ್ತು ಮಕ್ಕಳಿರುವ ಎಂಟನೆಯ ತರಗತಿಯನ್ನು ನಿರ್ವಹಿಸುವ ವಿದ್ಯೆ ಇವುಗಳಲ್ಲಿ ಸಾಮಾನ್ಯವಾಗಿ ದೊರೆಯುವುದಿಲ್ಲ.

ಮೂರನೆಯದಾಗಿ, ಬೋಧನೆಗೆಂದೇ ರೂಪಿಸಿದ ಕೋರ್ಸುಗಳು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್.ಸಿ.ಟಿ.ಇ.) 2014ರ ವಿನಿಯಮಗಳಲ್ಲಿ ಕಲಾ ಶಿಕ್ಷಣ ಡಿಪ್ಲೊಮಾ (ದೃಶ್ಯಕಲೆ) ಮತ್ತು ಕಲಾ ಶಿಕ್ಷಣ ಡಿಪ್ಲೊಮಾ (ಪ್ರದರ್ಶನ ಕಲೆ) ಎಂಬ ಎರಡು ವರ್ಷಗಳ ಎರಡು ಕೋರ್ಸುಗಳಿಗೆ ಮಾನದಂಡ ನಿಗದಿಪಡಿಸಲಾಯಿತು. ಇವು ಮುಖ್ಯವಾಗಿ ಎಂಟನೆಯ ತರಗತಿಯವರೆಗಿನ ಶಿಕ್ಷಕರನ್ನು ಉದ್ದೇಶಿಸಿ ರೂಪುಗೊಂಡವು. 9 ಮತ್ತು 10ನೆಯ ತರಗತಿಗಳಿಗೆ ಬೋಧಿಸಬಯಸುವವರು ಈ ಅಂಶವನ್ನು ಗಮನಿಸತಕ್ಕದ್ದು. ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಂತಹ ವಿಶ್ವವಿದ್ಯಾನಿಲಯದಲ್ಲಿ ಕಲಾ ಶಿಕ್ಷಣದ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ.

ಅರ್ಹತೆಯನ್ನು ನಿರ್ಧರಿಸುವವರು ಯಾರು

ಅತಿ ಹೆಚ್ಚು ಗೊಂದಲವಿರುವುದು ಈ ವಿಷಯದಲ್ಲಿ. ಒಂದರಿಂದ ಎಂಟನೆಯ ತರಗತಿಯ ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ಎನ್.ಸಿ.ಟಿ.ಇ.ಯು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ನಿಗದಿಪಡಿಸಿತು. 2011ರ ಜುಲೈ 29ರ ತಿದ್ದುಪಡಿಯಲ್ಲಿ, ಆ ಅರ್ಹತೆಗಳು ಭಾಷೆ, ಸಮಾಜ ವಿಜ್ಞಾನ, ಗಣಿತ, ವಿಜ್ಞಾನ ಮುಂತಾದ ವಿಷಯಗಳ ಶಿಕ್ಷಕರಿಗೆ ಅನ್ವಯವಾಗುತ್ತವೆ ಎಂದು ಸ್ಪಷ್ಟಪಡಿಸಲಾಯಿತು. ಕಲಾ ಶಿಕ್ಷಣ, ಕರಕುಶಲ ಶಿಕ್ಷಣ, ಗೃಹ ವಿಜ್ಞಾನ, ಕಾರ್ಯ ಶಿಕ್ಷಣದ ಶಿಕ್ಷಕರಿಗೆ ಪರಿಷತ್ತು ಬೇರೆ ಅರ್ಹತೆ ನಿಗದಿಪಡಿಸುವವರೆಗೆ, ರಾಜ್ಯ ಸರ್ಕಾರ ಮತ್ತು ಇತರ ಶಾಲಾ ಆಡಳಿತಗಳು ಗೊತ್ತುಪಡಿಸಿದ ಅರ್ಹತೆಗಳೇ ಮುಂದುವರಿಯುವುವೆಂದು ಹೇಳಲಾಯಿತು.

ಇದರ ಅರ್ಥವೇನೆಂದರೆ, ಒಂದೇ ಪ್ರಮಾಣಪತ್ರವು ಒಂದು ಆಡಳಿತದಲ್ಲಿ ಸ್ವೀಕೃತವಾಗಿ ಇನ್ನೊಂದರಲ್ಲಿ ತಿರಸ್ಕೃತವಾಗಬಹುದು. ಉದಾಹರಣೆಗೆ, ಕೇಂದ್ರೀಯ ವಿದ್ಯಾಲಯಗಳ ಕಲಾ ಶಿಕ್ಷಕರ ನೇಮಕಾತಿಯಲ್ಲಿ ಚಿತ್ರಕಲೆ, ಶಿಲ್ಪ ಅಥವಾ ಗ್ರಾಫಿಕ್ ಕಲೆಯಲ್ಲಿ ಐದು ವರ್ಷಗಳ ಮಾನ್ಯತೆ ಪಡೆದ ಡಿಪ್ಲೊಮಾ ಅಥವಾ ತತ್ಸಮಾನ ಪದವಿಯನ್ನು ಕೇಳಲಾಗಿದೆ. ಎರಡು ವರ್ಷದ ಪ್ರಮಾಣಪತ್ರ ಹೊಂದಿದವರು ಅಲ್ಲಿ ಅನರ್ಹರಾಗುತ್ತಾರೆ. ಅದೇ ವಿದ್ಯಾಲಯಗಳ ಕಾರ್ಯಾನುಭವ ಶಿಕ್ಷಕರ ಹುದ್ದೆಗೆ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ವಿದ್ಯಾರ್ಹತೆ ಕೇಳಲಾಗುತ್ತಿತ್ತು. ಹೊಲಿಗೆ ಅಥವಾ ನೇಯ್ಗೆ ಬಲ್ಲವರು ಹುದ್ದೆಯ ಹೆಸರು ನೋಡಿ ಅರ್ಜಿ ಸಲ್ಲಿಸಿ ನಿರಾಶರಾದರೆ ಅದು ಅವರ ತಪ್ಪೆನ್ನುವಂತಿಲ್ಲ. ಹುದ್ದೆಯ ಹೆಸರಿಗಿಂತ ಅಧಿಸೂಚನೆಯ ವಿದ್ಯಾರ್ಹತೆಯ ಕಲಂ ಮುಖ್ಯ. ರಾಜ್ಯ ಸರ್ಕಾರಿ ಶಾಲೆ, ವಸತಿ ಶಾಲೆ, ಅನುದಾನಿತ ಶಾಲೆ ಇವುಗಳಿಗೆ ಆಯಾ ವೃಂದ ಮತ್ತು ನೇಮಕಾತಿ ನಿಯಮಗಳು ಅನ್ವಯಿಸುತ್ತವೆ.

ಆದ್ದರಿಂದ ಕೋರ್ಸಿಗೆ ಸೇರುವವರು ಪ್ರವೇಶ ಶುಲ್ಕ ಪಾವತಿಸುವ ಮುನ್ನ ಸಂಸ್ಥೆಯಿಂದ ಲಿಖಿತವಾಗಿ ಮೂರು ಸಂಗತಿಗಳನ್ನು ಕೇಳಿ ಪಡೆಯಬೇಕು: ಕೋರ್ಸಿಗೆ ಮಾನ್ಯತೆ ನೀಡಿದ ಪ್ರಾಧಿಕಾರ ಯಾವುದು, ಮಾನ್ಯತೆಯ ಆದೇಶದ ಸಂಖ್ಯೆ ಮತ್ತು ಅವಧಿ ಎಷ್ಟು, ಅಂತಿಮ ಪರೀಕ್ಷೆಯನ್ನು ನಡೆಸಿ ಪ್ರಮಾಣಪತ್ರ ನೀಡುವವರು ಯಾರು. ಸಂಸ್ಥೆ ನೋಂದಣಿಯಾಗಿದೆ ಎಂಬ ಉತ್ತರ ಸಾಲದು. ಸಂಘ ಸಂಸ್ಥೆಗಳ ನೋಂದಣಿಗೂ ಕೋರ್ಸಿನ ಮಾನ್ಯತೆಗೂ ಸಂಬಂಧವಿಲ್ಲ. ಒಂದು ವರ್ಷದ ಮಾನ್ಯತೆಯನ್ನು ತೋರಿಸಿ ಮುಂದಿನ ವರ್ಷಗಳ ತಂಡಗಳಿಗೂ ಪ್ರವೇಶ ನೀಡುವ ಸಂಭವವಿರುವುದರಿಂದ, ತಾವು ಸೇರುವ ಶೈಕ್ಷಣಿಕ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ತರಬೇತಿಯಲ್ಲಿ ಕಲಿಸುವುದೇನು

ಚಿಕ್ಕ ಮಕ್ಕಳಿಗೆ ಕಲೆ ಕಲಿಸುವುದಕ್ಕೂ ದೊಡ್ಡ ಮಕ್ಕಳಿಗೆ ಕಲಿಸುವುದಕ್ಕೂ ಇರುವ ವ್ಯತ್ಯಾಸವೇ ಈ ತರಬೇತಿಯ ತಿರುಳು. ಎರಡನೆಯ ತರಗತಿಯ ಮಗು ಹಾಳೆ ಕೊಟ್ಟ ಕೂಡಲೇ ಚಿತ್ರ ಬರೆಯುತ್ತದೆ. ಮನೆಗಿಂತ ಅಜ್ಜಿಯೇ ದೊಡ್ಡದಾಗಿದ್ದರೂ ಅದಕ್ಕೆ ಚಿಂತೆಯಿಲ್ಲ. ಏಳನೆಯ ತರಗತಿಗೆ ಬರುವಷ್ಟರಲ್ಲಿ ಅದೇ ಮಗು ಬರೆದುದನ್ನು ಕೈಯಿಂದ ಮುಚ್ಚಿಕೊಳ್ಳುತ್ತದೆ, ಪದೇ ಪದೇ ರಬ್ಬರಿನಿಂದ ಉಜ್ಜುತ್ತದೆ, ಕೊನೆಗೆ ನನಗೆ ಚಿತ್ರ ಬರುವುದಿಲ್ಲ ಎಂದು ಹಾಳೆಯನ್ನು ಮಗುಚಿಡುತ್ತದೆ. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಣ ತಜ್ಞರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರರಚನೆಯ ಹಂತಗಳನ್ನು ಗುರುತಿಸಿ, ಸುಮಾರು ಹನ್ನೊಂದು ಹನ್ನೆರಡನೆಯ ವಯಸ್ಸಿನ ನಂತರ ಮಗು ತನ್ನ ಕೃತಿಯನ್ನು ತಾನೇ ಟೀಕಿಸಲು ಆರಂಭಿಸುತ್ತದೆ ಎಂದು ತೋರಿಸಿದರು. ಕಣ್ಣಿಗೆ ಕಾಣುವುದಕ್ಕೂ ಕೈಯಿಂದ ಮೂಡುವುದಕ್ಕೂ ಇರುವ ಅಂತರ ಈ ವಯಸ್ಸಿನಲ್ಲಿ ಮಗುವಿಗೆ ಅರಿವಾಗುತ್ತದೆ, ಆದರೆ ಅದನ್ನು ತುಂಬುವ ಕೌಶಲ ಇನ್ನೂ ಇರುವುದಿಲ್ಲ.

ಈ ಹಂತದಲ್ಲಿ ಶಿಕ್ಷಕರು ಸಾಮಾನ್ಯವಾಗಿ ಮಾಡುವ ತಪ್ಪು, ಕಪ್ಪು ಹಲಗೆಯ ಮೇಲೆ ತಾವೇ ಒಂದು ಬೆಟ್ಟ, ಸೂರ್ಯ, ತೆಂಗಿನಮರ ಬರೆದು ನಕಲು ಮಾಡಿಸುವುದು. ಇದರಿಂದ ತರಗತಿ ಶಾಂತವಾಗಿರುತ್ತದೆ, ಐವತ್ತು ಹಾಳೆಗಳೂ ತುಂಬುತ್ತವೆ. ಆದರೆ ಮಗು ನೋಡುವುದನ್ನು ಕಲಿಯುವುದಿಲ್ಲ. ತರಬೇತಿಯಲ್ಲಿ ಇದಕ್ಕೆ ಬದಲಾಗಿ ವಸ್ತುವನ್ನು ಎದುರಿಗಿಟ್ಟು ನೋಡಿಸುವ ಅಭ್ಯಾಸ, ಅಳತೆ ಮತ್ತು ಪ್ರಮಾಣ ಗುರುತಿಸುವ ವಿಧಾನ, ಬೆಳಕು ನೆರಳು, ಸರಳ ಯಥಾದೃಷ್ಟಿಯ ನಿಯಮಗಳನ್ನು ಹೇಳಿಕೊಡಲಾಗುತ್ತದೆ. ಈ ವಯಸ್ಸಿನ ಮಕ್ಕಳು ತಂತ್ರವನ್ನು ಕೇಳುತ್ತಾರೆ. ಮನಸ್ಸಿಗೆ ಬಂದಂತೆ ಬರೆಯಿರಿ ಎಂಬ ಮಾತು ಅವರಿಗೆ ಸಹಾಯವಾಗುವುದಿಲ್ಲ. ಚಿತ್ರ ಬರುವುದಿಲ್ಲವೆಂದು ಕೈಬಿಟ್ಟ ಮಗು ಮಣ್ಣಿನಲ್ಲಿ, ದಾರದಲ್ಲಿ, ಬಿದಿರಿನಲ್ಲಿ ಚೆನ್ನಾಗಿ ಕೆಲಸ ಮಾಡುವುದು ಅನೇಕ ಬಾರಿ ಕಂಡುಬಂದಿದೆ. ಕರಕುಶಲವು ಈ ಹಂತದಲ್ಲಿ ಚಿತ್ರಕಲೆಯ ಜೊತೆಗೇ ಇರಬೇಕಾದ ಕಾರಣ ಇದೇ. ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಬೋಧಿಸಿದ ದೇವಿಪ್ರಸಾದ್ ಅವರು ಈ ವಿಷಯವಾಗಿ ಬರೆದ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ಶಿಕ್ಷಕರು ಅವಶ್ಯವಾಗಿ ಓದಬೇಕಾದ ಕೃತಿ ಅದು.

ಸಮಯ ನಿರ್ವಹಣೆ ಇನ್ನೊಂದು ಮುಖ್ಯ ಭಾಗ. 40 ನಿಮಿಷದ ಒಂದು ಅವಧಿಯಲ್ಲಿ ಸಾಮಗ್ರಿ ಹಂಚಲು 5 ನಿಮಿಷ, ವಿವರಣೆಗೆ 5 ನಿಮಿಷ, ಸ್ವಚ್ಛಗೊಳಿಸಿ ಹಿಂದಿರುಗಿಸಲು 8 ನಿಮಿಷ ಬೇಕಾದರೆ ಕೆಲಸಕ್ಕೆ ಉಳಿಯುವುದು 22 ನಿಮಿಷ. ವಾರದಲ್ಲಿ ಎರಡು ಬಿಡಿ ಅವಧಿಗಳಿದ್ದರೆ 44 ನಿಮಿಷ; ಅವೆರಡನ್ನೂ ಜೋಡಿಸಿ ಒಟ್ಟಿಗೆ ನೀಡಿದರೆ 62 ನಿಮಿಷ. ಹೆಚ್ಚಿನ ಅವಧಿ ಕೇಳುವ ಅಗತ್ಯವಿಲ್ಲದೆಯೇ ವೇಳಾಪಟ್ಟಿಯ ಮರುಹೊಂದಾಣಿಕೆಯಿಂದ ದೊರೆಯುವ ಲಾಭವಿದು. ಮುಖ್ಯೋಪಾಧ್ಯಾಯರು ಇದನ್ನು ಪರಿಗಣಿಸಬಹುದು.

ಸ್ಥಳೀಯ ಕರಕುಶಲಗಳ ಆಯ್ಕೆ

ರಾಜ್ಯದ ಎಲ್ಲ ಪ್ರಸಿದ್ಧ ಕರಕುಶಲಗಳೂ ತರಗತಿಗೆ ಒಗ್ಗುವುದಿಲ್ಲ. ಯಾವುದನ್ನು ಮಾಡಿಸಬೇಕು, ಯಾವುದನ್ನು ತೋರಿಸಬೇಕು ಎಂಬ ವಿವೇಚನೆಯನ್ನು ತರಬೇತಿಯಲ್ಲಿ ಬೆಳೆಸಬೇಕಾಗುತ್ತದೆ. ಬೀದರಿನ ಬಿದರಿ ಕೆಲಸದಲ್ಲಿ ಸತುವಿನ ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ಯಬೇಕು. ಇದು ಶಾಲೆಯಲ್ಲಿ ಮಾಡಿಸುವ ಕೆಲಸವಲ್ಲ. ಮಕ್ಕಳನ್ನು ಕಾರ್ಯಾಗಾರಕ್ಕೆ ಕರೆದೊಯ್ದು, ಬೆಳ್ಳಿ ತಂತಿಯ ಕುಸುರಿ ಹಾಗೂ ಬೀದರ್ ಕೋಟೆಯ ಮಣ್ಣಿನಿಂದ ಲೋಹ ಕಪ್ಪಾಗುವ ಕ್ರಮವನ್ನು ತೋರಿಸಿದರೆ ರಸಾಯನಶಾಸ್ತ್ರದ ಪಾಠವೂ ಆದಂತಾಗುತ್ತದೆ. ಚನ್ನಪಟ್ಟಣದ ಬೊಂಬೆಗಳಲ್ಲಿ ಹಾಲೆ ಮರವನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ, ಉಜ್ಜಾಟದ ಶಾಖದಿಂದಲೇ ಅರಗಿನ ಬಣ್ಣವನ್ನು ಹಿಡಿಸಲಾಗುತ್ತದೆ. ಇದೂ ನೋಡಿ ಕಲಿಯುವಂಥದು.

ಧಾರವಾಡ ಭಾಗದ ಕಸೂತಿ ತರಗತಿಗೆ ಬಹಳ ಅನುಕೂಲಕರ. ಸೂಜಿ, ದಾರ, ಎಳೆ ಎಣಿಸಲು ಬರುವ ಬಟ್ಟೆ ಇವಿಷ್ಟೇ ಸಾಮಗ್ರಿ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯನ್ನು ಹೋಗುವಾಗ ಒಂದು ಬಿಟ್ಟು ಒಂದರಂತೆ ಹಾಕಿ, ಬರುವಾಗ ಖಾಲಿ ಜಾಗಗಳನ್ನು ತುಂಬಲಾಗುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಸೂಜಿ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ಮರಳಬೇಕೆಂದು ಮೊದಲೇ ಯೋಚಿಸದಿದ್ದರೆ ಗೋಪುರವೂ ಮುಗಿಯುವುದಿಲ್ಲ, ನವಿಲೂ ಮುಗಿಯುವುದಿಲ್ಲ. ಚೌಕುಳಿ ಹಾಳೆಯ ಮೇಲೆ ನಮೂನೆ ಬರೆಸುವುದರಿಂದ ಸಮಮಿತಿಯ ಪಾಠವೂ ಇಲ್ಲಿಯೇ ದೊರೆಯುತ್ತದೆ. ಕಸೂತಿಯನ್ನು ಹುಡುಗಿಯರಿಗೂ ಮರಗೆಲಸವನ್ನು ಹುಡುಗರಿಗೂ ಹಂಚುವ ಹಳೆಯ ಪದ್ಧತಿಯನ್ನು ಕೈಬಿಡತಕ್ಕದ್ದು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಭಾಗದ ದೀವರ ಚಿತ್ತಾರವೂ ಶಾಲೆಗೆ ಸಲ್ಲುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಹಾಗೂ ಇತರ ಬಣ್ಣಗಳಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ರೇಖೆಗಳಿವು. ಇಂತಹ ಕಲೆಯನ್ನು ಬಲ್ಲ ಮಹಿಳೆಯರನ್ನು ಶಾಲೆಗೆ ಆಹ್ವಾನಿಸಿದಾಗ ಅವರಿಗೆ ಇತರ ಸಂಪನ್ಮೂಲ ವ್ಯಕ್ತಿಗಳಿಗೆ ನೀಡುವ ಗೌರವಧನ ಹಾಗೂ ಆಸನವನ್ನೇ ನೀಡಬೇಕು. ಕಸುಬು ಮತ್ತು ಜಾತಿಯನ್ನು ಜೋಡಿಸಿ ನೋಡುವ ಅಭ್ಯಾಸ ಸಮಾಜದಲ್ಲಿ ಇನ್ನೂ ಇರುವುದರಿಂದ, ಕುಂಬಾರರ ಅಥವಾ ಮೇದಾರರ ಮನೆಯ ಮಗುವನ್ನು ತರಗತಿಯಲ್ಲಿ ಹೆಸರಿಸಿ ನೀನು ಇದನ್ನು ಮಾಡು ಎಂದು ಹೇಳುವಾಗ ಶಿಕ್ಷಕರು ಎಚ್ಚರ ವಹಿಸಬೇಕು. ಆ ಮಗುವಿಗೆ ಅದು ಹೆಮ್ಮೆಯಾಗಬಹುದು, ಅವಮಾನವೂ ಆಗಬಹುದು. ಎಲ್ಲರೂ ಕೈ ಕೆಸರು ಮಾಡಿಕೊಂಡ ನಂತರ ಕೇಳಿದರೆ ಈ ತೊಂದರೆ ಕಡಿಮೆ.

ಸಾಮಗ್ರಿ, ಸುರಕ್ಷತೆ ಮತ್ತು ದಾಸ್ತಾನು

ಸಾಮಗ್ರಿಗೆ ಹಣವಿಲ್ಲ ಎಂಬುದು ಶಾಲೆಗಳಿಂದ ಬರುವ ಸಾಮಾನ್ಯ ಉತ್ತರ. ಇದು ಹಲವು ಬಾರಿ ನಿಜವೇ ಆದರೂ ತರಬೇತಿ ಪಡೆದ ಶಿಕ್ಷಕರಿಗೆ ಬೇರೆ ದಾರಿಗಳು ತಿಳಿದಿರುತ್ತವೆ. ಕೆರೆಯ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿ ಬಳಸಬಹುದು. ಸುಡದ ಮಣ್ಣನ್ನು ಮತ್ತೆ ನೆನೆಸಿ ಮುಂದಿನ ತರಗತಿಗೆ ನೀಡಬಹುದು. ಸುಡಬೇಕಾದ ವಸ್ತು ಸಂಪೂರ್ಣ ಒಣಗಿರಬೇಕು. ತೇವ ಉಳಿದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪು, ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಪಟಿಕ ಸೇರಿಸಿದರೆ ಬಟ್ಟೆಗೆ ಹಿಡಿಯುವ ಹಳದಿ, ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಯಲು ಬಿಟ್ಟರೆ ಕಪ್ಪು ದೊರೆಯುತ್ತದೆ. ಹಳೆಯ ದಿನಪತ್ರಿಕೆ ಮತ್ತು ಮೈದಾ ಅಂಟಿನಿಂದ ಮುಖವಾಡಗಳನ್ನು ಮಾಡಿಸಬಹುದು.

ಅಂದಾಜು ಪಟ್ಟಿ ತಯಾರಿಸುವುದನ್ನು ಕಲಾ ಶಿಕ್ಷಕರು ಲೆಕ್ಕಪತ್ರದವರ ಕೆಲಸವೆಂದು ತಿಳಿಯುವುದುಂಟು. ಅದು ಸರಿಯಲ್ಲ. 50 ವಿದ್ಯಾರ್ಥಿಗಳಿಗೆ ತಲಾ 750 ಗ್ರಾಂ ಮಣ್ಣು ಬೇಕಾದರೆ ಒಟ್ಟು 37.5 ಕಿಲೋ. ಒಂದು ಲಿನೋಲಿಯಂ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ 50 ಮಕ್ಕಳಿಗೆ 13 ಹಾಳೆ. ಹನ್ನೆರಡೂವರೆ ಹಾಳೆ ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ, ಕೆಡುವ ತುಂಡುಗಳಿಗಾಗಿ 14 ಎಂದು ಬರೆಯುವುದು ಕ್ಷೇಮ. ಹೀಗೆ ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಸಲ್ಲಿಸಿದ ಬೇಡಿಕೆಯನ್ನು ತಿರಸ್ಕರಿಸುವುದು ಕಷ್ಟ. ಬಣ್ಣ ಇತ್ಯಾದಿ ಎಂದು ಒಟ್ಟಾರೆ ಮೊತ್ತ ಬರೆದ ಬೇಡಿಕೆ ಸುಲಭವಾಗಿ ಹಿಂದಿರುಗುತ್ತದೆ. ಬಳಸಿ ಮುಗಿಯುವ ಸಾಮಗ್ರಿ ಮತ್ತು ಬಾಳಿಕೆಯ ಉಪಕರಣಗಳಿಗೆ ಪ್ರತ್ಯೇಕ ದಾಸ್ತಾನು ಪುಸ್ತಕ ಇಡತಕ್ಕದ್ದು. ಗರಗಸ, ಉಳಿ, ಲಿನೋ ಕೊರೆಯುವ ಚಾಕುಗಳನ್ನು ಎಣಿಸಿ ಕೊಟ್ಟು ಎಣಿಸಿ ಹಿಂಪಡೆಯಬೇಕು. ಕೊರೆಯುವಾಗ ಹಿಡಿದ ಕೈ ಯಾವಾಗಲೂ ಚಾಕುವಿನ ಹಿಂದೆಯೇ ಇರಬೇಕೆಂಬ ನಿಯಮವನ್ನು ಮೊದಲ ದಿನವೇ ರೂಢಿಸಬೇಕು.

ಸೇವಾನಿರತ ಶಿಕ್ಷಕರಿಗೆ

1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ಸ್ಥಾಪನೆಯಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ರಚನೆಯಲ್ಲಿ ಕಾರ್ಯಾನುಭವಕ್ಕೆಂದೇ ಒಂದು ಪ್ರತ್ಯೇಕ ವಿಭಾಗವನ್ನು ಕಲ್ಪಿಸಲಾಗಿತ್ತು. ತಮ್ಮ ಜಿಲ್ಲೆಯ ಸಂಸ್ಥೆಯಲ್ಲಿ ಏರ್ಪಡುವ ಕಾರ್ಯಾಗಾರಗಳ ಬಗ್ಗೆ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ವಿಚಾರಿಸಬಹುದು.

1979ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ (ಸಿ.ಸಿ.ಆರ್.ಟಿ.) ದೆಹಲಿಯಲ್ಲಿ ಪ್ರಧಾನ ಕಚೇರಿಯನ್ನೂ ಉದಯಪುರ, ಹೈದರಾಬಾದ್, ಗುವಾಹಟಿ ಮುಂತಾದೆಡೆ ಪ್ರಾದೇಶಿಕ ಕೇಂದ್ರಗಳನ್ನೂ ಹೊಂದಿದೆ. ಶಾಲಾ ಶಿಕ್ಷಣದಲ್ಲಿ ಕರಕುಶಲದ ಸಂಯೋಜನೆ, ಶಿಕ್ಷಣದಲ್ಲಿ ಬೊಂಬೆಯಾಟದ ಪಾತ್ರ ಮುಂತಾದ ತರಬೇತಿಗಳನ್ನು ಈ ಕೇಂದ್ರ ನಡೆಸುತ್ತದೆ. ಶಿಕ್ಷಕರು ನೇರವಾಗಿ ಹೋಗಿ ಸೇರುವಂತಿಲ್ಲ. ಇಲಾಖೆಯ ಮೂಲಕ ನಿಯೋಜನೆಯಾಗಬೇಕು. ಚಿತ್ರಕಲಾ ಶಿಕ್ಷಕರಿಗೆ ಮಾತ್ರ ಇದೆ ಎಂಬ ತಿಳಿವಳಿಕೆ ತಪ್ಪು. ವಿಜ್ಞಾನ, ಭಾಷಾ ಶಿಕ್ಷಕರೂ ಭಾಗವಹಿಸಬಹುದು, ಮತ್ತು ವಿಶೇಷ ಶಿಕ್ಷಕರಿಲ್ಲದ ಶಾಲೆಗಳಿಂದ ಅವರು ಬರುವುದೇ ಹೆಚ್ಚು ಪ್ರಯೋಜನಕರ. ಎನ್.ಸಿ.ಇ.ಆರ್.ಟಿ.ಯ ಕಲೆ ಮತ್ತು ಸೌಂದರ್ಯ ಶಿಕ್ಷಣ ವಿಭಾಗದ ಪ್ರಕಟಣೆಗಳು, 11 ಮತ್ತು 12ನೆಯ ತರಗತಿಗಳಿಗಾಗಿ ಅದೇ ಸಂಸ್ಥೆ ಹೊರತಂದ ಭಾರತದ ಕರಕುಶಲ ಪರಂಪರೆಯ ಪಠ್ಯಪುಸ್ತಕಗಳು ಹಾಗೂ 2024ರಲ್ಲಿ ಪ್ರಕಟವಾದ 6ನೆಯ ತರಗತಿಯ ಕಲಾ ಪಠ್ಯ ಕೃತಿ, ವೃತ್ತಿ ಶಿಕ್ಷಣದ ಪಠ್ಯ ಕೌಶಲ್ ಬೋಧ್ ಇವು ಆಕರಗಳಾಗಿ ಉಪಯುಕ್ತ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅರ್ಜಿಯಲ್ಲಿ ಕೋರ್ಸಿನ ಹೆಸರನ್ನು ಅಂಕಪಟ್ಟಿಯಲ್ಲಿರುವಂತೆಯೇ ಬರೆಯಬೇಕು. ಡ್ರಾಯಿಂಗ್ ಕೋರ್ಸ್ ಎಂದು ಸಂಕ್ಷೇಪಿಸಿ ಬರೆದ ಅರ್ಜಿಗಳು ಪರಿಶೀಲನೆಯಲ್ಲಿ ತಡೆಹಿಡಿಯಲ್ಪಡುತ್ತವೆ. ಎಲ್ಲ ವರ್ಷಗಳ ಅಂಕಪಟ್ಟಿಗಳೂ ಅಗತ್ಯ. ಅಂತಿಮ ವರ್ಷದ್ದು ಮಾತ್ರ ಸಾಲದು. ಹೊರರಾಜ್ಯದ ಕಲಾ ಸಂಸ್ಥೆಗಳಲ್ಲಿ ಓದಿದವರು ತತ್ಸಮಾನತೆಯ ಪತ್ರವನ್ನು ಅಧಿಸೂಚನೆ ಹೊರಡುವ ಮುನ್ನವೇ ಪಡೆದಿಟ್ಟುಕೊಳ್ಳುವುದು ಕ್ಷೇಮ, ಏಕೆಂದರೆ ಅರ್ಜಿಯ ಕೊನೆಯ ದಿನಾಂಕಕ್ಕೆ ವಿದ್ಯಾರ್ಹತೆ ಪೂರ್ಣಗೊಂಡಿರಬೇಕೆಂಬ ಷರತ್ತು ಸಾಮಾನ್ಯವಾಗಿರುತ್ತದೆ. ಹಳೆಯ ಪ್ರಮಾಣಪತ್ರ ನೀಡಿದ ಸಂಸ್ಥೆ ಈಗ ಮುಚ್ಚಿದ್ದರೆ, ಪರೀಕ್ಷೆ ನಡೆಸಿದ ಮಂಡಳಿ ಅಥವಾ ವಿಶ್ವವಿದ್ಯಾನಿಲಯಕ್ಕೆ ನೋಂದಣಿ ಸಂಖ್ಯೆ, ಉತ್ತೀರ್ಣರಾದ ವರ್ಷ ಮತ್ತು ತಿಂಗಳು ನಮೂದಿಸಿ ದ್ವಿತೀಯ ಪ್ರತಿಗಾಗಿ ಅರ್ಜಿ ಸಲ್ಲಿಸಬೇಕು. ಹೆಸರಿನಲ್ಲಿ ಅಥವಾ ತಂದೆಯ ಹೆಸರಿನ ಮೊದಲಕ್ಷರದಲ್ಲಿ ವ್ಯತ್ಯಾಸವಿದ್ದಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಆಧಾರವಾಗಿಟ್ಟು ಮೊದಲು ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.

ತಮ್ಮ ಕೃತಿಗಳ ಸಂಪುಟವನ್ನು ಕೇಳಿದ ಸಂದರ್ಭದಲ್ಲಿ ಮೂಲಕೃತಿಗಳನ್ನು ಅಂಚೆಯಲ್ಲಿ ಕಳುಹಿಸಬಾರದು. ಛಾಯಾಚಿತ್ರಗಳನ್ನು, ಪ್ರತಿಯೊಂದರ ಹಿಂದೆ ಮಾಧ್ಯಮ, ಅಳತೆ ಮತ್ತು ವರ್ಷವನ್ನು ಬರೆದು ಲಗತ್ತಿಸಬಹುದು. ತಾವು ಕಲಿಸಿದ ಮಕ್ಕಳ ಕೃತಿಗಳಿದ್ದಲ್ಲಿ ಅವುಗಳ ಛಾಯಾಚಿತ್ರಗಳನ್ನೂ ಪ್ರತ್ಯೇಕ ಲಕೋಟೆಯಲ್ಲಿ, ತರಗತಿಯನ್ನು ನಮೂದಿಸಿ, ಮಕ್ಕಳ ಹೆಸರು ಬರೆಯದೆ ಇರಿಸತಕ್ಕದ್ದು.